ಡಾಂಗಲ್ ಪ್ರಕಾಶಣ್ಣನ ಮುಯ್ಯಿ

ನಮ್ಮ ಊರಿನ ಹಾಲಿನ ಸೊಸೈಟಿಯ ಕಟ್ಟಡದಲ್ಲಿ ಮೂರು ಕೋಣೆಗಳಿವೆ. ಒಂದರಲ್ಲಿ ಹಾಲು ಅಳೆಯುತ್ತಾರೆ. ಇನ್ನೊಂದರಲ್ಲಿ ನಾನು ಹೊಲಿಗೆ ಯಂತ್ರ ಇಟ್ಟುಕೊಂಡು ಕೂತಿದ್ದೇನೆ. ಮೂರನೆಯದಕ್ಕೆ ಈಗ ಗಾಜಿನ ಬಾಗಿಲು ಬಂದಿದೆ. ಒಳಗೆ ರೂಪೇಶ ತಿರುಗುವ ಕುರ್ಚಿಯಲ್ಲಿ ಕೂತು ಮನೆ ಮನೆಗೆ ಫೈಬರ್ ನೆಟ್ಟಿನ ಕೇಬಲ್ ಎಳೆಸುವ ವ್ಯವಹಾರ ನಡೆಸುತ್ತಾನೆ. ಸಿಕ್ಕಿದಾಗಲೆಲ್ಲ 'ಎಂತ ರಾಜೀವಕ್ಕ, ಆರಾಮವಾ' ಎಂದು ಕೇಳುತ್ತಾನೆ. ನಾನು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವವಳಂತೆ ಸುಮ್ಮನಿರುತ್ತೇನೆ. ನಾನು ಸಮಾಧಾನದ ಹೆಂಗಸಲ್ಲ. ಬಾಯಿ ತೆರೆದರೆ ಅವನಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ.

ಆ ಕೋಣೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಜಯಪ್ರಕಾಶನ ಕಂಪ್ಯೂಟರ್ ಕೋಣೆಯಾಗಿತ್ತು. ಅತ್ತ ಬೆಳ್ಳಾರೆಯಿಂದ ಇತ್ತ ಕೋಡಿಂಬಾಳದವರೆಗೂ ಅವನಿಗೆ ಡಾಂಗಲ್ ಪ್ರಕಾಶಣ್ಣ ಎಂದೇ ಹೆಸರು. ಸಪೂರ ಆಳು, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಲುಂಗಿ. ಬೆಳಿಗ್ಗೆ ತನ್ನ ರಬ್ಬರ್ ಮರಗಳ ಟ್ಯಾಪಿಂಗ್ ಮುಗಿಸಿ, ಇಳಿದ ರಬ್ಬರ್ ಹಾಲು ಸಂಗ್ರಹಿಸಿ, ಅದು ಹೆಪ್ಪುಗಟ್ಟಿ ಶೀಟಾಗಲು ಹುಳಿ ಹಾಕಿಟ್ಟು, ಊಟ ಮಾಡಿ ಬರುತ್ತಿದ್ದ. ಎಷ್ಟು ಸೋಪು ಹಾಕಿ ತೊಳೆದರೂ ಕೈಗೆ ರಬ್ಬರಿನ ವಾಸನೆ ಇರುತ್ತಿತ್ತು. ಕಂಪ್ಯೂಟರಿನ ಕೀಲಿಗಳಿಗೂ ಅದೇ ವಾಸನೆ ಹತ್ತಿತ್ತು. ಒಬ್ಬನೇ ಕೂತಿದ್ದಾಗ ಕಂಪ್ಯೂಟರಿಗೆ ತುಳುವಿನಲ್ಲಿ ಬಯ್ಯುತ್ತಿದ್ದ. ಮನುಷ್ಯರಿಗೆ ಬೈದದ್ದನ್ನು ನಾನು ಕೇಳಿಲ್ಲ.

ಮದುವೆಗೆ ಮುಂಚೆ ಅವನು ಪುತ್ತೂರಿನ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಆಗಿದ್ದ. ಅಲ್ಲಿ ಹೊಸ ಕಂಪ್ಯೂಟರ್ ಬಂದಾಗ ಹಳೆಯವುಗಳನ್ನು ಗುಜರಿಗೆ ಹಾಕುತ್ತಾರೆಂದು ತಿಳಿದು, ಹೋಗಿ ಕೇಳಿ, ಪಿಕಪ್‌ನಲ್ಲಿ ಹೇರಿಕೊಂಡು ಬಂದ. ಖಾಲಿ ಬಿದ್ದಿದ್ದ ಕೋಣೆಯನ್ನು ಸೊಸೈಟಿಯ ಅಧ್ಯಕ್ಷ ಬೋಜಪ್ಪನವರು ಬಿಟ್ಟುಕೊಟ್ಟರು. ಆ ಮುದಿ ಕಂಪ್ಯೂಟರುಗಳಲ್ಲಿ ವಿಂಡೋಸ್ ಏಳಲೇ ಇಲ್ಲ. ಆಗ ಅಟೋ ಓಡಿಸುತ್ತಿದ್ದ ಈ ರೂಪೇಶನೇ ಎಲ್ಲಿಂದಲೋ ವಿಂಡೋಸಿನ ಒಂದು ಕಾಪಿ ಹೊಡೆದ ಸಿಡಿ ತಂದುಕೊಟ್ಟಿದ್ದ. ಪ್ರಕಾಶ ಅದನ್ನು ಮುಟ್ಟಲಿಲ್ಲ. 'ಕದ್ದ ಮಾಲು ಬೇಡ ಮಾರಾಯ. ಇದಕ್ಕೆ ಲಿನಕ್ಸ್ ಅಂತ ಉಂಟು. ಮಾಡಿದವರೇ ಎಲ್ಲರಿಗೂ ಬಿಟ್ಟುಕೊಟ್ಟದ್ದು. ಹಾಕ್ಲಿಕ್ಕೂ ಆಗ್ತದೆ, ಇನ್ನೊಬ್ಬರಿಗೆ ಕೊಡ್ಲಿಕ್ಕೂ ಆಗ್ತದೆ' ಎಂದ. ರೂಪೇಶ ಅವನ ಪಕ್ಕದಲ್ಲೇ ಕೂತು ಅದನ್ನು ಹಾಕುವುದನ್ನು ಕಲಿತ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ರೂಪೇಶ ಮರೆತಿದ್ದಾನೆ.

ಕಂಪ್ಯೂಟರ್ ಎದ್ದಿತು, ಇಂಟರ್ನೆಟ್ ಇಲ್ಲ. ನಮ್ಮಲ್ಲಿ ಫೋನಿನ ತಂತಿಯ ಮೇಲೆ ಮಳೆಗಾಲದಲ್ಲಿ ಒಂದು ಮರ ಬಿದ್ದರೆ ದೀಪಾವಳಿಯವರೆಗೆ ಯಾರೂ ತಿರುಗಿ ನೋಡುವುದಿಲ್ಲ. ಆಗ ಡಾಂಗಲ್‌ಗಳ ಕಾಲ. ಬೆರಳುದ್ದದ ಒಂದು ಕಡ್ಡಿ, ಒಳಗೆ ಮೊಬೈಲಿನ ಸಿಮ್, ಕಂಪ್ಯೂಟರಿಗೆ ಸಿಕ್ಕಿಸಿದರೆ ನೆಟ್ಟು. ಪ್ರಕಾಶ ಪುತ್ತೂರಿನಿಂದ ಒಂದನ್ನು ತಂದು ಸಿಕ್ಕಿಸಿದ. ಹಸಿರು ದೀಪ ಮಿಣುಕಿತು, ಮತ್ತೇನೂ ಆಗಲಿಲ್ಲ.

'ಎಂತ ತೊಂದರೆ?' ಎಂದು ಕೇಳಿದೆ.

'ಇದು ಸಿಕ್ಕಿಸಿದ ಕೂಡ್ಲೆ ನಾನು ಸಿಡಿ ಅಂತ ಹೇಳ್ತದೆ ರಾಜೀವಕ್ಕ. ಹೊಟ್ಟೆಯಲ್ಲಿ ಒಂದು ಸಾಫ್ಟ್‌ವೇರ್ ಇಟ್ಕೊಂಡು ಬಂದದ್ದು. ಅದನ್ನು ಹಾಕಿದ್ರೆ ಮಾತ್ರ ನೆಟ್ಟು ತರುವ ಮೋಡೆಮ್ ಆಗುದು. ಆ ಸಾಫ್ಟ್‌ವೇರ್ ವಿಂಡೋಸಿನಲ್ಲಿ ಮಾತ್ರ ಓಡುದು.'

'ಹಾಗಾದ್ರೆ ವಾಪಸ್ ಕೊಟ್ಟು ಬಾ.'

'ಹೋಗಿದ್ದೆ. ಅಂಗಡಿಯವ ಹೇಳಿದ, ಡಾಂಗಲ್ ಸರಿ ಉಂಟು, ನಿಮ್ಮ ಕಂಪ್ಯೂಟರೇ ಸರಿ ಇಲ್ಲ ಅಂತ.'

ಮುಂದಿನ ಕೆಲವು ವಾರ ಅವನು ಮಾಡಿದ್ದು ಕಂಡರೆ ನಗು ಬರಬೇಕು. ನೆಟ್ಟು ಬರಿಸುವುದು ಹೇಗೆಂದು ಕೇಳಲು ನೆಟ್ಟಿರುವ ಕಡೆಗೆ ಹೋಗಬೇಕು. ಹಾಗಾಗಿ ಬಸ್ಸು ಹಿಡಿದು ಬೆಳ್ಳಾರೆಗೆ ಹೋಗುವುದು, ಅಲ್ಲಿಯ ಸೈಬರ್ ಕೆಫೆಯಲ್ಲಿ ಕೂತು ಲಿನಕ್ಸಿನವರ ಚರ್ಚೆಯ ತಾಣದಲ್ಲಿ ಪ್ರಶ್ನೆ ಹಾಕುವುದು, ಬಂದ ಉತ್ತರವನ್ನು ಪೆನ್‌ಡ್ರೈವಿಗೆ ತುಂಬಿಕೊಂಡು ಬಂದು ಇಲ್ಲಿ ಪ್ರಯೋಗ ಮಾಡುವುದು, ಕೆಟ್ಟರೆ ಮರುದಿನ ಮತ್ತೆ ಬಸ್ಸು. ಯಾವುದೋ ದೇಶದ ಒಬ್ಬ ಮನುಷ್ಯ ಅವನಿಗೆ ತಾಳ್ಮೆಯಿಂದ ಉದ್ದುದ್ದ ಉತ್ತರ ಬರೆಯುತ್ತಿದ್ದನಂತೆ. ಡಾಂಗಲ್‌ಗೆ ಎರಡು ಗುರುತಿನ ಸಂಖ್ಯೆಗಳಿರುತ್ತವೆ, ಸಿಡಿಯಾಗಿರುವಾಗ ಒಂದು, ಮೋಡೆಮ್ ಆದ ಮೇಲೆ ಇನ್ನೊಂದು. ಮೊದಲನೆಯದನ್ನು ಹಿಡಿದು ಅದಕ್ಕೊಂದು ಆಜ್ಞೆ ಕಳಿಸಿ, ಸಾಕು ನಿನ್ನ ಸಿಡಿ ವೇಷ ಎಂದು ಹೇಳಬೇಕು. ಅದು ವೇಷ ಕಳಚಿದ ಮೇಲೆ ಸ್ಟಾರ್ ತೊಂಬತ್ತೊಂಬತ್ತು ಹ್ಯಾಶ್ ಎಂದು ಡಯಲ್ ಮಾಡಿಸಬೇಕು.

ಕೊನೆಗೊಂದು ಮಧ್ಯಾಹ್ನ ಅವನು ನನ್ನ ಬಾಗಿಲಿಗೆ ಓಡಿ ಬಂದ. 'ರಾಜೀವಕ್ಕ, ಬನ್ನಿ ಬನ್ನಿ!' ರವಿಕೆಯ ಬಟ್ಟೆ ಅರ್ಧ ಕತ್ತರಿಸಿದ್ದೆ, ಹಾಗೇ ಬಿಟ್ಟು ಹೋದೆ. ಪರದೆಯಲ್ಲಿ ಒಂದು ಪುಟ ಮೇಲಿನಿಂದ ಕೆಳಗೆ ಗೆರೆ ಗೆರೆಯಾಗಿ ಇಳಿಯುತ್ತಿತ್ತು. 'ಇಷ್ಟಕ್ಕಾ ಇಷ್ಟು ಗಲಾಟೆ?' ಎಂದೆ. ಅವನಿಗೆ ಬೇಜಾರೇ ಆಗಲಿಲ್ಲ. 'ಆ ಮನುಷ್ಯ ನನ್ನ ಮುಖವನ್ನೇ ನೋಡಿಲ್ಲ' ಎಂದ. 'ಥ್ಯಾಂಕ್ಸ್ ಹೇಳಿದ್ರೆ, ನಿನ್ನ ಹಾಗೆ ಇನ್ನೊಬ್ಬ ಕೇಳಿದಾಗ ನೀನು ಹೇಳಿಕೊಡು, ಅಷ್ಟು ಸಾಕು ಅಂತ ಬರೆದಿದ್ದಾನೆ. ಇದು ನಮ್ಮ ಮುಯ್ಯಿಯೇ ಅಲ್ವಾ?'

ಮುಯ್ಯಿ ಎಂದರೆ ನಮ್ಮ ಕಡೆ ಗೊತ್ತಲ್ಲ. ಇವತ್ತು ನಿಮ್ಮ ಮನೆಯ ಕೆಲಸಕ್ಕೆ ನಾವು ಬರುವುದು, ನಾಳೆ ನಮ್ಮ ಮನೆಯ ಕೆಲಸಕ್ಕೆ ನೀವು ಬರುವುದು. ಕೂಲಿಯ ಮಾತಿಲ್ಲ. ಅಡಿಕೆ ಸುಲಿಯುವುದಿರಲಿ, ಮನೆಗೆ ಸೋಗೆ ಹೊದಿಸುವುದಿರಲಿ, ಹೀಗೆಯೇ ನಡೆದು ಬಂದದ್ದು. ಪ್ರಕಾಶ ಆ ಲೆಕ್ಕದಲ್ಲೇ ಡಾಂಗಲ್ ರಿಪೇರಿಗೆ ಇಳಿದ. ಅವನು ಮಾಡಿದ ತಪ್ಪು ಅದೊಂದೇ ಎಂದು ನಾನು ಈಗಲೂ ಹೇಳುತ್ತೇನೆ. ಹಾರೆ ಹಿಡಿದು ನಿಮ್ಮ ತೋಟದಲ್ಲಿ ಬೆವರು ಸುರಿಸಿದರೆ ನಿಮಗೆ ಕಣ್ಣಿಗೆ ಕಾಣುತ್ತದೆ, ಮರೆಯಲು ನಾಚಿಕೆಯಾಗುತ್ತದೆ. ಕುರ್ಚಿಯಲ್ಲಿ ಕೂತು ಬೆರಳಾಡಿಸಿದರೆ ಅದನ್ನು ಕೆಲಸವೆಂದೇ ಯಾರೂ ತಿಳಿಯುವುದಿಲ್ಲ.

ಸುದ್ದಿ ಹರಡಿತು. ಕಡಬದಿಂದ, ಕೋಡಿಂಬಾಳದಿಂದ ಡಾಂಗಲನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಜನ ಬರತೊಡಗಿದರು. ಸುಬ್ರಹ್ಮಣ್ಯದ ಒಂದು ಲಾಡ್ಜಿನವರು ಬುಕಿಂಗಿನ ಕಂಪ್ಯೂಟರ್ ಸರಿಮಾಡಲು ಕರೆದರೆ ಅಲ್ಲಿಗೂ ಹೋದ. ಸಂಜೆಯವರೆಗೆ ಕೂತು ಸರಿಮಾಡಿ, ಅವರು ಕೊಟ್ಟ ಪ್ರಸಾದವನ್ನು ಚೀಲದಲ್ಲಿ ಹಾಕಿಕೊಂಡು ಯಾತ್ರಿಕರ ಬಸ್ಸಿನಲ್ಲಿ ನಿಂತುಕೊಂಡೇ ಬಂದ. 'ಬಸ್ ಚಾರ್ಜಾದ್ರೂ ಕೇಳ್ಬಾರದಿತ್ತಾ?' ಎಂದು ಅವನ ಹೆಂಡತಿ ದೀಪ್ತಿ ಬೈದಳು. ಅವಳು ಬೈದದ್ದು ಸರಿಯೇ.

ಸಿಗ್ನಲ್‌ನದ್ದು ಇನ್ನೊಂದು ಕತೆ. ಕೋಣೆಯೊಳಗೆ ಡಾಂಗಲ್‌ಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಹೆಚ್ಚು. ಪ್ರಕಾಶ ಒಂದು ಉದ್ದ ಕೇಬಲ್ ತಂದು, ಅಡಿಕೆ ಕೊಯ್ಯುವ ದೋಟಿಯ ತುದಿಗೆ ಡಾಂಗಲ್ ಕಟ್ಟಿ, ಮಳೆ ತಾಗದ ಹಾಗೆ ಅದರ ಮೇಲೆ ಪ್ಲಾಸ್ಟಿಕ್ ಬಾಟಲಿ ಬೋರಲು ಹಾಕಿ, ಕಟ್ಟಡದ ಪಕ್ಕ ನಿಲ್ಲಿಸಿದ. ನೆಟ್ಟು ಸರಾಗವಾಯಿತು. ಒಂದು ದಿನ ಇದ್ದಕ್ಕಿದ್ದ ಹಾಗೆ ಎಲ್ಲ ನಿಂತಿತು. ಹೊರಗೆ ಬಂದು ನೋಡಿದರೆ ದೋಟಿಯೇ ಇಲ್ಲ. ಹುಡುಕಿಕೊಂಡು ಹೋದರೆ ಬೋಜಪ್ಪನವರ ತೋಟದಲ್ಲಿ ಆಳು ಅದೇ ದೋಟಿಯಿಂದ ಗೊನೆ ಇಳಿಸುತ್ತಿದ್ದಾನೆ. ತುದಿಯಲ್ಲಿ ಬಾಟಲಿ, ಬಾಟಲಿಯೊಳಗೆ ಡಾಂಗಲ್, ಕೇಬಲ್ ಬಾಲದ ಹಾಗೆ ನೇತಾಡುತ್ತಿದೆ. 'ಸುಮ್ನೆ ನಿಂತಿತ್ತಲ್ಲ ಮಾರಾಯ, ಉಪಯೋಗ ಆಗ್ಲಿ ಅಂತ ತಂದದ್ದು' ಎಂದರು ಬೋಜಪ್ಪ. ಪ್ರಕಾಶ ನಕ್ಕುಬಿಟ್ಟ. ಉಳಿದ ಮರಗಳ ಕೊಯ್ಲು ಮುಗಿಯುವವರೆಗೆ ಕಾದು, ತಾನೇ ಹೊತ್ತುಕೊಂಡು ಬಂದ.

ಕೊರೋನದ ವರ್ಷ ಶಾಲೆಗಳು ಮುಚ್ಚಿದಾಗ ಸುತ್ತಲಿನ ಊರುಗಳ ಮಕ್ಕಳು ಗುಡ್ಡದ ತುದಿಯಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತು ಆನ್‌ಲೈನ್ ಪಾಠ ಕೇಳಿದರು. ನಮ್ಮ ಊರಿನ ಮಕ್ಕಳು ಪ್ರಕಾಶನ ಕೋಣೆಯಲ್ಲಿ, ಅದು ತುಂಬಿದರೆ ಜಗಲಿಯಲ್ಲಿ, ಅದೂ ತುಂಬಿದರೆ ನನ್ನ ಹೊಲಿಗೆ ಕೋಣೆಯಲ್ಲಿ ಕೂತರು. ಒಂದು ಡಾಂಗಲ್ ಬಿಸಿಯಾಗಿ ಸೋತರೆ ಇನ್ನೊಂದನ್ನು ಸಿಕ್ಕಿಸಲು ಅವನು ಅಲ್ಲೇ ನಿಂತಿರುತ್ತಿದ್ದ. ಆ ಮಳೆಗಾಲ ಅವನ ಟ್ಯಾಪಿಂಗ್ ಹಾಳಾಯಿತು. ಮರಗಳಿಗೆ ಪ್ಲಾಸ್ಟಿಕ್ ಕಟ್ಟಿ ಮಳೆ ತಡೆಯಲು ಪುರುಸೊತ್ತೇ ಆಗಲಿಲ್ಲ. ದುಗ್ಗಮ್ಮ ಎಂಬ ಮುದುಕಿ, ವರ್ಷಗಳಿಂದ ನೋಡದ ತನ್ನ ಅಕ್ಕನನ್ನು ಆ ಕೋಣೆಯಲ್ಲೇ ಪರದೆಯ ಮೇಲೆ ನೋಡಿದಳು. ಆ ಅಕ್ಕ ಮಡಿಕೇರಿಯ ಆಸ್ಪತ್ರೆಯಲ್ಲಿ ಮಲಗಿದ್ದಳು, ಮತ್ತೆ ಏಳಲಿಲ್ಲ. ದುಗ್ಗಮ್ಮ ಪ್ರಕಾಶನ ಎರಡೂ ಕೈ ಹಿಡಿದುಕೊಂಡು ಅತ್ತಳು. ನಾನು ಕಣ್ಣಾರೆ ನೋಡಿದ್ದೇನೆ.

ಆ ಹೊತ್ತಿಗೆ ರೂಪೇಶ ಅಟೋ ಮಾರಿಯಾಗಿತ್ತು. ದಿನವಿಡೀ ಪ್ರಕಾಶನ ಜೊತೆಯೇ ಇರುತ್ತಿದ್ದ, ಅಲ್ಲೇ ಊಟ, ದೀಪ್ತಿ ಅವನನ್ನು ಮೈದುನನ ಹಾಗೆ ನೋಡಿಕೊಂಡಳು. ಪ್ರಕಾಶ ತನಗೆ ಗೊತ್ತಿದ್ದದ್ದನ್ನೆಲ್ಲ ಅವನಿಗೆ ಹೇಳಿಕೊಟ್ಟ. ಆಮೇಲೆ ಯಾವುದೋ ಕಂಪನಿಯ ಕೇಬಲ್ಲು ಬೆಳ್ಳಾರೆಯವರೆಗೆ ಬಂದಾಗ ನಮ್ಮ ಊರಿನ ಏಜೆನ್ಸಿಯನ್ನು ರೂಪೇಶ ಹಿಡಿದ. ಅದರಲ್ಲಿ ತಪ್ಪೇನಿದೆ? ಪ್ರಕಾಶನೇ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟ. ತ್ರೀಜಿ ನಿಂತು ಹಳೆಯ ಡಾಂಗಲ್‌ಗಳು ಒಂದೊಂದಾಗಿ ಸಾಯುತ್ತಿದ್ದವು. ಫೋರ್‌ಜಿಯ ಹೊಸ ಡಾಂಗಲ್‌ಗಳು ಬಂದು, ಅವುಗಳ ವೇಷವೇ ಬೇರೆಯಾಗಿ, ಪ್ರಕಾಶ ಮೊದಲಿನಿಂದ ಕಲಿಯಲು ಕೂತಿದ್ದ. 'ಕೇಬಲ್ ಹೋಗುವಲ್ಲಿಗೆ ನೀನು ಕೊಡು, ತೋಡಿನಾಚೆಗೆ ನಾನು ನೋಡ್ತೇನೆ' ಎಂದು ರೂಪೇಶನಿಗೆ ಹೇಳಿದ. ತೋಡು ಎಂದರೆ ಊರಂಚಿನ ಹಳ್ಳ, ಅದರಾಚೆ ದೂರ ದೂರಕ್ಕೆ ನಾಲ್ಕಾರು ಮನೆಗಳು. ಅಷ್ಟಕ್ಕಾಗಿ ಯಾವ ಕಂಪನಿಯೂ ಕೇಬಲ್ ಎಳೆಯುವುದಿಲ್ಲ.

ಅಷ್ಟಾದ ಮೇಲೆ ಒಂದು ದಿನ ಬೋಜಪ್ಪನವರು ಬಂದು ಹೇಳಿದರು, ಕೋಣೆಯನ್ನು ತನಗೆ ಕೊಡಬೇಕೆಂದು ರೂಪೇಶ ಸೊಸೈಟಿಗೆ ಅರ್ಜಿ ಹಾಕಿದ್ದಾನೆ, ಮಹಾಸಭೆಯಲ್ಲಿ ತೀರ್ಮಾನವಾಗುತ್ತದೆ ಎಂದು. ಪ್ರಕಾಶ ನಂಬಲಿಲ್ಲ. ರೂಪೇಶನಿಗೆ ಫೋನು ಮಾಡಿದ, ಅವನು ಎತ್ತಲಿಲ್ಲ. ಎದುರು ಸಿಕ್ಕಿದಾಗ 'ಕಂಪನಿಯವರು ರೋಡಿನ ಬದಿಯಲ್ಲೇ ಆಫೀಸು ಬೇಕು ಅಂತಾರೆ ಪ್ರಕಾಶಣ್ಣ, ನನ್ನ ಕೈಯಲ್ಲಿ ಎಂತ ಉಂಟು' ಎಂದ.

ಆ ಕೋಣೆ ಹೋದರೆ ಪ್ರಕಾಶನಿಗೆ ಬೇರೆ ಜಾಗವಿಲ್ಲ. ಅವನ ಮನೆ ತಗ್ಗಿನಲ್ಲಿದೆ, ಅಲ್ಲಿ ಆಕಾಶದಷ್ಟೆತ್ತರ ದೋಟಿ ನಿಲ್ಲಿಸಿದರೂ ಸಿಗ್ನಲ್ ಬರುವುದಿಲ್ಲ. ಹಾಗಾಗಿ ಮನೆ ಮನೆಗೆ ಹೊರಟ. ಸಭೆಗೆ ಬನ್ನಿ, ಕೋಣೆ ಇರಲಿ ಎಂದು ಒಂದು ಮಾತು ಹೇಳಿ, ಅಷ್ಟೇ. ಹೋದಲ್ಲೆಲ್ಲ ಚಾ ಕೊಟ್ಟರು. 'ನಾವಿಲ್ವಾ ಪ್ರಕಾಶ?' ಎಂದರು. ದುಗ್ಗಮ್ಮ ತಲೆ ಸವರಿ ಕಳಿಸಿದಳಂತೆ.

'ಅಷ್ಟೆಲ್ಲ ನಂಬಬೇಡ' ಎಂದೆ ನಾನು.

'ಎಂತ ರಾಜೀವಕ್ಕ ನೀವು! ಮುಯ್ಯಿಗೆ ಬಾರದವರು ಉಂಟಾ?' ಎಂದು ನಕ್ಕ.

ಬಂದರು. ಎಲ್ಲರೂ ಬಂದರು. ಜಗಲಿ ತುಂಬಿ ಅಂಗಳದಲ್ಲೂ ಕುರ್ಚಿ ಹಾಕಬೇಕಾಯಿತು. ದನ ಇಲ್ಲದ ನಾನು ಸೊಸೈಟಿಯ ಸದಸ್ಯೆಯಲ್ಲ. ನನ್ನ ಬಾಗಿಲಲ್ಲೇ ನಿಂತೆ. ನನ್ನ ಪಕ್ಕದಲ್ಲಿ ತೋಡಿನಾಚೆಯ ಆಸ್ಯಮ್ಮ ನಿಂತಿದ್ದಳು. ಬೀಡಿ ಕಟ್ಟಿ ಬದುಕುವ ಹೆಂಗಸು, ಅವಳೂ ಸದಸ್ಯೆಯಲ್ಲ. ಅವಳ ಮೊಮ್ಮಗಳ ಆನ್‌ಲೈನ್ ಕೋಚಿಂಗ್ ಪ್ರಕಾಶ ಕೊಟ್ಟ ಹಳೆಯ ಕಂಪ್ಯೂಟರ್, ಅವನೇ ಹೊಂದಿಸಿದ ಡಾಂಗಲ್‌ನಿಂದ ನಡೆಯುತ್ತಿತ್ತು. ಆ ಬದಿಯವರ ಡಾಂಗಲ್ ಕೆಟ್ಟರೆ ಸರಿಯಾಗುವುದು ಈ ಕೋಣೆಯಲ್ಲೇ ಎಂದು ಅವಳಿಗೆ ಗೊತ್ತಿತ್ತು.

ರೂಪೇಶ ಇಸ್ತ್ರಿ ಹಾಕಿದ ಅಂಗಿ ಹಾಕಿಕೊಂಡು ಎದ್ದು ನಿಂತ. ಬಾಡಿಗೆಯ ಮಾತು ಆಡುತ್ತಾನೆಂದು ನಾನು ಎಣಿಸಿದ್ದೆ. ಅವನು ಆಡಿದ್ದು ಬೇರೆಯೇ.

'ಪ್ರಕಾಶಣ್ಣನ ಮೇಲೆ ನನಗೆ ಗೌರವ ಉಂಟು. ಆದ್ರೆ ಒಂದು ವಿಷಯ ಸಭೆಗೆ ಗೊತ್ತಿರ್ಬೇಕು. ಆ ಕಂಪ್ಯೂಟರಲ್ಲಿ ಇರುವ ಸಿಸ್ಟಮ್ ಯಾವುದೂ ಖರೀದಿ ಮಾಡಿದ್ದಲ್ಲ. ಒಂದಕ್ಕೂ ಬಿಲ್ ಇಲ್ಲ. ಡಾಂಗಲ್‌ನ ಒಳಗೆ ಕಂಪನಿ ಇಟ್ಟ ಸಾಫ್ಟ್‌ವೇರನ್ನು ತಪ್ಪಿಸಿ, ಬೇರೆ ದಾರಿಯಲ್ಲಿ ನಡೆಸುದು. ನಾಳೆ ಸೈಬರ್ ಪೊಲೀಸರು ಬಂದ್ರೆ ಹೆಸರು ಬರುದು ಸೊಸೈಟಿಯದ್ದು.'

ಅಂಗಳದಲ್ಲಿ ಗುಜುಗುಜು ಎದ್ದಿತು. ಪ್ರಕಾಶ ಎದ್ದು ನಿಂತಿದ್ದ. ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ತಿಳಿಯದೆ ಹೇಳಿದರು ಎನ್ನಬಹುದಿತ್ತು. ಇದು ಕದ್ದದ್ದಲ್ಲ ಎಂದು ನಮ್ಮೂರಿನಲ್ಲಿ ಪ್ರಕಾಶನಷ್ಟೇ ಚೆನ್ನಾಗಿ ಗೊತ್ತಿದ್ದವನು ಇನ್ನೊಬ್ಬನಿದ್ದರೆ ಅದು ರೂಪೇಶನೇ.

'ರೂಪೇಶಾ, ನಿನಗೆ ಗೊತ್ತುಂಟಲ್ಲ' ಎಂದ ಪ್ರಕಾಶ. ರೂಪೇಶ ತನ್ನ ಮೊಬೈಲು ನೋಡುತ್ತಿದ್ದ.

'ಅದೆಲ್ಲ ಬೇಡ' ಎಂದರು ಬೋಜಪ್ಪ. 'ಬಿಲ್ ಉಂಟಾ, ಇಲ್ವಾ? ಅದನ್ನು ಹೇಳು.'

'ಇಲ್ಲ. ಅದಕ್ಕೆ ಬಿಲ್ ಅಂತ ಇಲ್ಲವೇ ಇಲ್ಲ ಬೋಜಪ್ಪಣ್ಣ. ಅದು ಎಲ್ಲರಿಗೂ ಸುಮ್ನೆ ಕೊಡುದು. ಮಾಡಿದವರೇ ಹಾಗೆ ಬರೆದಿಟ್ಟಿದ್ದಾರೆ.'

ಹಿಂದಿನ ಸಾಲಿನಿಂದ ಮಾಯಿಲಪ್ಪ ಎದ್ದ. ಅವನ ಮಗಳ ಹತ್ತನೇ ಕ್ಲಾಸು ಪೂರ್ತಿ ಆ ಕೋಣೆಯಲ್ಲಿ ನಡೆದದ್ದು. 'ಸುಮ್ನೆ ಯಾರು ಕೊಡ್ತಾರೆ ಮಾರಾಯ ಈ ಕಾಲದಲ್ಲಿ? ಎಂತದೋ ಉಂಟು ಅದರಲ್ಲಿ' ಎಂದ. ನಾಲ್ಕು ಜನ ನಕ್ಕರು.

'ನಿಮಗೆಲ್ಲ ಇಷ್ಟು ವರ್ಷ ಸುಮ್ನೆ ಕೊಟ್ಟದ್ದು ಯಾರು?' ಎಂದು ಬಾಗಿಲಿನಿಂದಲೇ ಕೂಗಿದೆ. 'ಬಾಯಿಗೆ ಹುಳ ಬೀಳ್ಲಿ ನಿಮಗೆ!'

'ರಾಜೀವಿ, ನೀನು ಮೆಂಬರ್ ಅಲ್ಲ' ಎಂದರು ಬೋಜಪ್ಪ. 'ರೂಪೇಶನಿಗೆ ಕೊಡುದಕ್ಕೆ ಒಪ್ಪಿಗೆ ಇದ್ದವರು ಕೈ ಎತ್ತಿ.'

ಕೈಗಳು ಎದ್ದವು. ಆ ಕೈಗಳಲ್ಲಿ ಯಾವುದು ಯಾವ ಡಾಂಗಲ್ ಹಿಡಿದುಕೊಂಡು ಬಂದಿತ್ತೆಂದು ನಾನೇ ಹೇಳಬಲ್ಲೆ, ಇನ್ನು ಪ್ರಕಾಶನಿಗೆ ತಿಳಿಯದೇ? ಮಾಯಿಲಪ್ಪನ ಕೈ. ಬೋಜಪ್ಪನವರ ಕೈ. ಪ್ರಕಾಶನಿಗೆ ಕೊಟ್ಟ ಚಾದ ಬಿಸಿಯಿನ್ನೂ ಆರದ ಕೈಗಳು. ದುಗ್ಗಮ್ಮ ನೆಲ ನೋಡುತ್ತಾ ಸೆರಗಿನೊಳಗಿಂದ ಕೈಯನ್ನು ಸ್ವಲ್ಪವೇ ಮೇಲೆತ್ತಿದಳು. ಪೊಲೀಸು ಎಂದರೆ ಅವಳಿಗೆ ಹೆದರಿಕೆ, ನನಗೆ ಗೊತ್ತಿದೆ. ಆದರೂ ಕ್ಷಮಿಸಲು ನನಗೆ ಇನ್ನೂ ಆಗಿಲ್ಲ. ವಿರೋಧ ಇದ್ದವರು ಎತ್ತಿ ಎಂದಾಗ ಪ್ರಕಾಶ ತನ್ನ ಕೈಯನ್ನೂ ಎತ್ತಲಿಲ್ಲ. ಸಭೆ ಮುಗಿಯಿತು, ಕಾಫಿ, ಬಿಸ್ಕೂಟು ಹಂಚಿದರು.

ಮರುದಿನ ಅವನು, ದೀಪ್ತಿ ಇಬ್ಬರೇ ಬಂದು ಕಂಪ್ಯೂಟರುಗಳನ್ನು ಹೊತ್ತುಕೊಂಡು ಹೋದರು. ರಬ್ಬರ್ ಶೀಟ್ ಒಣಗಿಸುವ ಹೊಗೆಗೂಡಿನ ಪಕ್ಕದ ಚಾವಡಿಯಲ್ಲಿ ಒಂದರ ಮೇಲೊಂದು ಇಟ್ಟು ಗೋಣಿ ಹೊದಿಸಿದರು. ಹೊತ್ತುಕೊಡಲು ಯಾರೂ ಬರಲಿಲ್ಲ. ಪ್ರಕಾಶ ಯಾರನ್ನೂ ಕರೆಯಲೂ ಇಲ್ಲ. ಬಯ್ದಿದ್ದರೆ, ಅತ್ತಿದ್ದರೆ, ಕುಡಿದು ಬಂದು ರೂಪೇಶನ ಬಾಗಿಲಿಗೆ ಕಲ್ಲು ಹೊಡೆದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವನು ಬೆಳಿಗ್ಗೆ ಟ್ಯಾಪಿಂಗ್‌ಗೆ ಹೋಗಿ, ಶೀಟು ಮಾಡಿ, ಉಂಡು ಮಲಗತೊಡಗಿದ.

ಕಳೆದ ತಿಂಗಳು ದೀಪ್ತಿಯ ರವಿಕೆ ಹೊಲಿದಾಗಿತ್ತು, ಕೊಡಲು ಅವರ ಮನೆಗೆ ಹೋಗಿದ್ದೆ. ನಾನು ಚಾ ಕುಡಿಯುತ್ತಿರುವಾಗ ಆಸ್ಯಮ್ಮ ಬಂದಳು. ತೋಡು ದಾಟಿ, ಗುಡ್ಡ ಹತ್ತಿ ಇಳಿದು, ನಡೆದೇ ಬಂದಿದ್ದಳು. ಅಂಗಳದಲ್ಲಿ ಸ್ವಲ್ಪ ಹೊತ್ತು ನಿಂತು ಉಸಿರು ತೆಗೆದುಕೊಂಡಳು. ಆಮೇಲೆ ಸೊಂಟದಿಂದ ಕರ್ಚೀಫಿನ ಗಂಟು ತೆಗೆದು ಬಿಚ್ಚಿದಳು. ಒಳಗೆ ಹೊಸ ಡಾಂಗಲ್. ಪ್ರಕಾಶನನ್ನು ಅವಳು ಯಾವಾಗಲೂ ಮೋನೇ, ಅಂದರೆ ಮಗನೇ ಎಂದೇ ಕರೆಯುವುದು.

'ಹಳೇದು ಸತ್ತೋಯ್ತು ಮೋನೇ. ಇದು ಕಡಬದಿಂದ ತರಿಸಿದ್ದು. ಸಿಕ್ಕಿಸಿದ್ರೆ ಎಂತದೋ ಸಿಡಿ ಅಂತ ಬರ್ತದಂತೆ, ನೆಟ್ಟು ಬರುದಿಲ್ಲ. ಹುಡುಗಿಗೆ ಮುಂದಿನ ವಾರ ಪರೀಕ್ಷೆ ಉಂಟು. ಸ್ವಲ್ಪ ನೋಡ್ತೀಯಾ?'

ಪ್ರಕಾಶ ರಬ್ಬರ್ ಶೀಟನ್ನು ಬಿದಿರಿನ ಗಳಕ್ಕೆ ಹಾಕುತ್ತಿದ್ದ. ಕೈ ಒರೆಸಿಕೊಳ್ಳಲಿಲ್ಲ. ಡಾಂಗಲನ್ನು ಕೈಗೆ ತೆಗೆದುಕೊಳ್ಳಲೂ ಇಲ್ಲ, ನಿಂತಲ್ಲಿಂದಲೇ ಒಮ್ಮೆ ನೋಡಿದ.

'ನನಗೆ ಇದೆಲ್ಲ ಬರುದಿಲ್ಲ ಆಸ್ಯಮ್ಮ' ಎಂದ.

ಅವಳಿಗೆ ಅರ್ಥವಾಗಲಿಲ್ಲ. 'ಎಂತ ಹೇಳ್ತೀ ನೀನು? ಮುಂಚಿನದ್ದು ನೀನೇ ಅಲ್ವಾ ಮಾಡಿಕೊಟ್ಟದ್ದು?'

'ಮುಂಚಿನದ್ದು ಬೇರೆ. ಇದು ನನಗೆ ಗೊತ್ತಿಲ್ಲ. ರೂಪೇಶನ ಹತ್ರ ಕೇಳಿ.'

ಅವಳು ನನ್ನನ್ನು ನೋಡಿದಳು, ದೀಪ್ತಿಯನ್ನು ನೋಡಿದಳು. ದೀಪ್ತಿ ಒಳಗೆ ಹೋದಳು. ಅಂದು ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲದೆ ನನ್ನ ಪಕ್ಕದಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದ ಹೆಂಗಸು ಇವಳು. ಈ ಮಾತು ನನ್ನ ಬಾಯಿಗೆ ಬಂದಿತ್ತು, ಹೇಳಿದರೆ ಪ್ರಕಾಶ ಏನೆನ್ನುತ್ತಾನೋ ಎಂದು ಹೆದರಿ ನಿಂತೆ. ಆಸ್ಯಮ್ಮ ಡಾಂಗಲನ್ನು ಮತ್ತೆ ಕರ್ಚೀಫಿನಲ್ಲಿ ಸುತ್ತಿದಳು.

'ಪರ್ವಾಗಿಲ್ಲ ಮೋನೇ. ಗೊತ್ತಿಲ್ಲದಿದ್ರೆ ನೀನು ಎಂತ ಮಾಡುದು' ಎಂದಳು. ನಿಜವಾಗಿಯೂ ಅವಳು ಅದನ್ನು ನಂಬಿದ್ದಳು. ಪ್ರಕಾಶ ಸುಳ್ಳು ಹೇಳುತ್ತಾನೆಂದು ಅವಳಿಗೆ ತೋಚಲೇ ಇಲ್ಲ.

ಅವಳು ಗುಡ್ಡದ ದಾರಿ ಹಿಡಿದಳು. ಪ್ರಕಾಶ ಮತ್ತೊಂದು ಶೀಟನ್ನು ಗಳಕ್ಕೆ ಹಾಕಿದ, ಅದು ಓರೆಯಾಗಿ ಬಿತ್ತು, ಸರಿಮಾಡಿದ. ಇಷ್ಟು ದಿನ ನನ್ನ ಸಿಟ್ಟೆಲ್ಲ ರೂಪೇಶನ ಮೇಲಿತ್ತು, ಊರಿನ ಮೇಲಿತ್ತು. ಆ ಹೊತ್ತಿಗೆ ಅದು ಪ್ರಕಾಶನ ಮೇಲೆ ಬಂತು. ಬೈಯಲು ಬಾಯಿ ತೆರೆದವಳು ಅವನ ಮುಖ ನೋಡಿ ಮುಚ್ಚಿಕೊಂಡೆ. ಅವನು ಕಣ್ಣು ಕಿರಿದು ಮಾಡಿ ಆಸ್ಯಮ್ಮ ಹೋದ ದಾರಿಯನ್ನೇ ನೋಡುತ್ತಿದ್ದ. ಬಾಯಲ್ಲಿ ಮೆಲ್ಲಗೆ ಏನೋ ಹೇಳಿಕೊಳ್ಳುತ್ತಿದ್ದ. ಹತ್ತಿರ ಹೋದೆ. ಗೊತ್ತಿಲ್ಲ ಎಂದವನು ಆ ಡಾಂಗಲ್‌ನ ನಂಬರುಗಳನ್ನು ಹೇಳುತ್ತಿದ್ದ, ಸಿಡಿಯಾಗಿರುವಾಗಿನದ್ದು ಒಂದು, ಮೋಡೆಮ್ ಆದ ಮೇಲಿನದ್ದು ಇನ್ನೊಂದು. ಅವಳನ್ನು ಮಾತ್ರ ಕೂಗಿ ಕರೆಯಲಿಲ್ಲ.